ಪರಮಪ್ರಸಾದ ಸ್ವೀಕರಿಸುವ ತನಕ: ವಾಸ್ಕೋದಿಂದ ಒಂದು ಅನುಭವ

ನಾನು ಗದಗ ಕಡೆಯ ಹಳ್ಳಿಯವಳು. ಹುಟ್ಟಿ ಬೆಳೆದಿದ್ದು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಸಭೆಯಲ್ಲಿ. ಮದುವೆಯಾಗಿ ಬಂದಿದ್ದು ಗೋವಾದ ಕಥೋಲಿಕ ಮನೆಗೆ. ವಾಸ್ಕೋದಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಹೋದ ತಿಂಗಳು ನನ್ನನ್ನು ಕಥೋಲಿಕ ಸಭೆಗೆ ಸೇರಿಸಿಕೊಂಡರು. ಅದೇ ಪೂಜೆಯಲ್ಲಿ ಮೊದಲ ಸಲ ಪರಮಪ್ರಸಾದ, ಅಂದರೆ ಕ್ರಿಸ್ತನ ಶರೀರ, ರಕ್ತ ಎಂದು ಕಥೋಲಿಕರು ನಂಬುವ ರೊಟ್ಟಿ, ದ್ರಾಕ್ಷಾರಸ, ಸ್ವೀಕರಿಸಿದೆ.

ಹೊರಗಿನಿಂದ ನೋಡಿದವರಿಗೆ ಇದು ಒಂದು ಭಾನುವಾರದ ಕೆಲಸ ಅನಿಸಬಹುದು. ನನಗೆ ವರ್ಷದ ಹತ್ತಿರ ಹಿಡಿಯಿತು. ಕಾಗದ ಪತ್ರ, ಕಾಯುವುದು, ಊರಲ್ಲಿ ಅವ್ವನಿಗೆ ಹೇಳುವುದು, ಎಲ್ಲಾ ಸೇರಿ. ಹುಬ್ಬಳ್ಳಿ, ಧಾರವಾಡ, ಗದಗ ಕಡೆಯಿಂದ ಬಂದು ಗೋವಾದಲ್ಲಿ ನೆಲೆಸಿದವರು ಎಷ್ಟು ಜನ ಇದ್ದಾರೆ ಅಲ್ವಾ? ಅವರಲ್ಲಿ ನನ್ನ ಹಾಗೆ ಬೇರೆ ಸಭೆಯವರನ್ನು ಮದುವೆಯಾದವರೂ ಇದ್ದಾರೆ. ನನಗೆ ಬೇಕಾದಾಗ ಇದನ್ನೆಲ್ಲ ಕನ್ನಡದಲ್ಲಿ ಹೇಳುವವರು ಸಿಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾದ ಮೇಲೆ ಭಾನುವಾರ ಗಂಡನ ಜೊತೆ ಪೂಜೆಗೆ ಹೋಗುತ್ತಿದ್ದೆ. ಪ್ರಸಾದದ ಹೊತ್ತಿಗೆ ಎಲ್ಲರೂ ಸಾಲಾಗಿ ಮುಂದೆ ಹೋಗುತ್ತಾರೆ, ಕಥೋಲಿಕಳಲ್ಲದ ನಾನು ಬೆಂಚಿನಲ್ಲೇ ಇರುತ್ತಿದ್ದೆ. ಮೊದಮೊದಲು ಏನೂ ಅನಿಸಲಿಲ್ಲ. ರಜೆಗೆ ಊರಿಗೆ ಹೋದಾಗ ನಮ್ಮ ಸಭೆಯಲ್ಲಿ ಕರ್ತನ ಭೋಜನ, ಅಂದರೆ ನಮ್ಮವರು ಕೊಡುವ ರೊಟ್ಟಿ, ದ್ರಾಕ್ಷಾರಸ, ತೆಗೆದುಕೊಳ್ಳುತ್ತಿದ್ದೆನಲ್ಲ. ಮನಸ್ಸು ಬದಲಾಗಿದ್ದು ವಾರ್ಡಿನಲ್ಲಿ. ಆಪರೇಷನ್‌ಗೆ ಮುಂಚೆ ಕೆಲವು ಕಥೋಲಿಕ ರೋಗಿಗಳು ಪರಮಪ್ರಸಾದ ಬೇಕು ಅಂತ ಕೇಳುತ್ತಾರೆ. ಚರ್ಚಿನಿಂದ ಒಂದು ಚಿಕ್ಕ ಡಬ್ಬಿಯಲ್ಲಿ ತರುತ್ತಾರೆ. ರಾತ್ರಿಯೆಲ್ಲ ಭಯದಲ್ಲಿ ನಡುಗಿದವರು ಅದನ್ನು ಸ್ವೀಕರಿಸಿ ಸಮಾಧಾನವಾಗಿ ಮಲಗುವುದನ್ನು ತುಂಬಾ ಸಲ ನೋಡಿದ್ದೇನೆ. ಇವರು ಇದರಲ್ಲಿ ಏನು ಕಾಣುತ್ತಾರೆ ಅಂತ ತಿಳಿಯಬೇಕು ಅನಿಸಿತು. ಆಮೇಲೆ ಮಗಳನ್ನು ದೊತೋರ್ನ್‌ಗೆ, ಅಂದರೆ ಚರ್ಚಿನ ಧರ್ಮಪಾಠಕ್ಕೆ, ಸೇರಿಸಿದೆವು. ಅವಳು ಮೊದಲ ಪರಮಪ್ರಸಾದಕ್ಕೆ ತಯಾರಾಗುತ್ತಿದ್ದಳು. "ಮಮ್ಮಾ, ನೀನು ಯಾವಾಗ?" ಅಂತ ಕೇಳಿದಳು.

ನಮ್ಮ ಪಾದ್ರಿ ವಿಗಾರ್ ಹತ್ತಿರ, ಅಂದರೆ ಚರ್ಚಿನ ಮುಖ್ಯ ಗುರುಗಳ ಹತ್ತಿರ, ಮಾತಾಡಲು ಹೋದೆ. ಅವರು ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಗಂಡನ ಮನೆಯವರು ಹೇಳಿದರು ಅಂತ ಬಂದಿದ್ದೀರಾ, ಮಗಳಿಗೋಸ್ಕರವಾ, ಅಥವಾ ನಿಮಗೇ ಬೇಕು ಅನಿಸಿದೆಯಾ? ಉತ್ತರ ಈಗಲೇ ಬೇಡ, ಯೋಚನೆ ಮಾಡಿ ಬನ್ನಿ ಅಂದರು. ಆ ಮಾತು ನನಗೆ ಹಿಡಿಸಿತು. ಎರಡನೇ ಸಲ ಹೋದಾಗ ಕೆಲವು ವಿಷಯ ಬಿಡಿಸಿ ಹೇಳಿದರು. ಅವು ನಿಮಗೂ ಬೇಕಾಗುತ್ತವೆ.

ಬೇರೆ ಸಭೆಯಲ್ಲಿ ನೀರಿನಿಂದ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಆದ ದೀಕ್ಷಾಸ್ನಾನವನ್ನು ಕಥೋಲಿಕ ಸಭೆ ಒಪ್ಪುತ್ತದೆ. ಮತ್ತೊಮ್ಮೆ ಮಾಡುವುದಿಲ್ಲ. ಯಾರಾದರೂ "ಇನ್ನೊಂದು ಸಲ ಸ್ನಾನ ಮಾಡಿಸಬೇಕು" ಅಂದರೆ ಸುಮ್ನೆ ಒಪ್ಪಬೇಡಿ, ಗುರುಗಳನ್ನೇ ಕೇಳಿ. ನಿಜವಾಗಿ ಅನುಮಾನ ಇದ್ದರೆ ಮಾತ್ರ, ಮೊದಲು ಆಗಿರದಿದ್ದರೆ ಈಗ ಕೊಡುತ್ತೇನೆ ಎಂಬ ಷರತ್ತಿನ ಮೇಲೆ ಕೊಡುತ್ತಾರೆ. ಆದರೆ ನಮ್ಮ ಸಭೆಯ ದೃಢೀಕರಣ, ಅಂದರೆ ದೀಕ್ಷಾಸ್ನಾನದ ನಂಬಿಕೆಯನ್ನು ಗಟ್ಟಿ ಮಾಡುವ ವಿಧಿ, ಅವರಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಪುನಃ ಮಾಡುತ್ತಾರೆ. ಇದು ಕೇಳಿ ನನಗೆ ಸ್ವಲ್ಪ ನೋವಾಯಿತು. ಹದಿನಾರನೇ ವಯಸ್ಸಲ್ಲಿ ಬಿಳಿ ಸೀರೆ ಉಟ್ಟು, ಬಿಷಪ್ ತಲೆ ಮೇಲೆ ಕೈಯಿಟ್ಟಿದ್ದು ನನಗೆ ಚಿಕ್ಕ ವಿಷಯ ಅಲ್ಲ.

ಇನ್ನೊಂದು, ಮದುವೆ. ನಮ್ಮದು ಕಥೋಲಿಕ ಚರ್ಚಿನಲ್ಲೇ, ಬಿಷಪ್ ಅನುಮತಿ ಪಡೆದು ಆಗಿತ್ತು. ಹಾಗಾಗಿ ತೊಂದರೆ ಆಗಲಿಲ್ಲ. ಕಥೋಲಿಕರನ್ನು ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾತ್ರ ಮದುವೆಯಾದವರು ಮೊದಲು ಆ ಮದುವೆಯನ್ನು ಚರ್ಚಿನ ಕಾನೂನಿನ ಪ್ರಕಾರ ಸರಿಪಡಿಸಿಕೊಳ್ಳಬೇಕು. ಅದು ಬೇರೆಯೇ ದಾರಿ, ಅದಕ್ಕೂ ಸಮಯ ಬೇಕು. ಪರಮಪ್ರಸಾದದ ಮಾತು ಆಮೇಲೆ. ಹಾಗೆಯೇ ದೀಕ್ಷಾಸ್ನಾನವೇ ಆಗದ ದೊಡ್ಡವರಿಗೆ ತಯಾರಿ ಜಾಸ್ತಿ. ಅವರನ್ನು ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿಯ ಪೂಜೆಯಲ್ಲಿ ಸೇರಿಸಿಕೊಳ್ಳುತ್ತಾರೆ. ನಮ್ಮಂಥವರಿಗೆ ಈಸ್ಟರ್ ತನಕ ಕಾಯಬೇಕೆಂದಿಲ್ಲ.

ಬೇಕಾದ ಮುಖ್ಯ ಕಾಗದ ದೀಕ್ಷಾಸ್ನಾನದ ಪ್ರಮಾಣಪತ್ರ. ಮದುವೆಯ ಫೈಲಿನಲ್ಲಿ ಇದ್ದೇ ಇರುತ್ತದೆ ಅಂದುಕೊಂಡಿದ್ದೆವು. ತೆಗೆದು ನೋಡಿದರೆ "ಈಕೆ ನಮ್ಮ ಸಭೆಯ ಸದಸ್ಯೆ" ಎಂಬ ಒಂದು ಪತ್ರ ಮಾತ್ರ. ಹಾಗಾಗಿ ಊರಿಗೆ ಹೊರಟೆ. ವಾಸ್ಕೋದಿಂದ ಗದಗಕ್ಕೆ ಅಮರಾವತಿ ಎಕ್ಸ್‌ಪ್ರೆಸ್ ನೇರ ಹೋಗುತ್ತದೆ, ಆದರೆ ವಾರದಲ್ಲಿ ಕೆಲವು ದಿನ ಮಾತ್ರ. ನನ್ನ ಡ್ಯೂಟಿ, ಟ್ರೇನಿನ ದಿನ, ಸಭೆಯವರು ಸಿಗುವ ದಿನ, ಮೂರೂ ಕೂಡಿ ಬರುವುದೇ ಕಷ್ಟವಾಯಿತು. ಹೋದರೆ ಹಳೆಯ ಸಭಾಪಾಲಕರಿಗೆ ವರ್ಗ ಆಗಿತ್ತು, ಹೊಸಬರು ಇನ್ನೂ ಬಂದಿರಲಿಲ್ಲ. ರಿಜಿಸ್ಟರ್ ಇಟ್ಟ ಕಪಾಟಿನ ಕೀಲಿ ಕಮಿಟಿಯವರ ಹತ್ತಿರ, ಅವರು ಮಗಳ ಮನೆಗೆ ಬೆಂಗಳೂರಿಗೆ ಹೋಗಿದ್ದರು. ಬರಿಗೈಲಿ ವಾಪಸ್ ಬಂದೆ. ಹೋಗುವ ಮೊದಲು ಫೋನ್ ಮಾಡಿ, ಪುಸ್ತಕ ಯಾರ ಹತ್ತಿರ ಇದೆ, ಸಹಿ ಯಾರು ಹಾಕುತ್ತಾರೆ ಎಂದು ಎರಡನ್ನೂ ಕೇಳಿಕೊಳ್ಳಿ.

ಹೊಸ ಸಭಾಪಾಲಕರು ಬಂದ ಮೇಲೆ ಮತ್ತೆ ಹೋದೆ. ಪುಟ ಸಿಕ್ಕಿತು. ಅದರಲ್ಲಿ ಅಜ್ಜಿ ಇಟ್ಟ ಬೈಬಲಿನ ಹೆಸರು ಇತ್ತು. ಶಾಲೆಯ ಹೆಸರು ಬೇರೆ. ಆಧಾರಿನಲ್ಲಿ ಶಾಲೆಯ ಹೆಸರಿನ ಜೊತೆ ಗಂಡನ ಅಡ್ಡಹೆಸರು. ಮೂರೂ ಒಬ್ಬಳೇ ಅಂತ ಹೇಗೆ ತೋರಿಸುವುದು? ಸಭಾಪಾಲಕರು ತುಂಬಾ ಒಳ್ಳೆಯವರು. ಪ್ರಮಾಣಪತ್ರದ ಜೊತೆ ಸಭೆಯ ಲೆಟರ್‌ಹೆಡ್ಡಿನಲ್ಲಿ ಇನ್ನೊಂದು ಪತ್ರ ಬರೆದುಕೊಟ್ಟರು. ಈ ಹೆಸರುಗಳೆಲ್ಲ ಇವರದೇ, ತಂದೆ ತಾಯಿ ಇಂಥವರು, ದೀಕ್ಷಾಸ್ನಾನ ನೀರಿನಿಂದ ತ್ರಿಯೇಕ ದೇವರ ಹೆಸರಿನಲ್ಲಿ ಆಗಿದೆ ಎಂದು. ಈ ಕೊನೆಯ ಸಾಲು ಬಹಳ ಮುಖ್ಯ. ವಾಸ್ಕೋದಲ್ಲಿ ಗುರುಗಳು ಮೊದಲು ಹುಡುಕಿದ್ದು ಅದನ್ನೇ. ಪತ್ರ ತರುವಾಗ ಆ ಸಾಲು ಇದೆಯಾ ಅಂತ ನೋಡಿಕೊಂಡೇ ಹೊರಡಿ.

ರಿಜಿಸ್ಟರ್ ಗೆದ್ದಲು ತಿಂದಿದ್ದರೆ, ಕಳೆದೇ ಹೋಗಿದ್ದರೆ? ಅದಕ್ಕೂ ದಾರಿ ಇದೆ ಎಂದು ಗುರುಗಳು ಹೇಳಿದರು. ದೀಕ್ಷಾಸ್ನಾನವನ್ನು ಕಣ್ಣಾರೆ ಕಂಡ ನಂಬಿಕಸ್ಥ ಸಾಕ್ಷಿ ಒಬ್ಬರಿದ್ದರೂ ಚರ್ಚಿನ ಕಾನೂನು ಒಪ್ಪುತ್ತದೆ. ತಾಯಿ, ಸೋದರತ್ತೆ, ಯಾರಾದರೂ ಸರಿ. ಅವರು ಗುರುಗಳ ಮುಂದೆ ಹೇಳಿಕೆ ಕೊಡಬೇಕು.

ಅವ್ವನಿಗೆ ಹೇಳಿದ್ದು ಆ ಎರಡನೇ ಸಲ ಹೋದಾಗ. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನಮ್ಮ ಕರ್ತನ ಭೋಜನದಾಗ ಏನ್ ಕಡಿಮಿ ಆಗಿತ್ತವಾ ನಿನಗ?" ಅಂದಳು. ಏನೂ ಕಡಿಮೆ ಇರಲಿಲ್ಲ. ಹಾಗೇ ಹೇಳಿದೆ. "ಅಲ್ಲಿ ಕಲ್ತದ್ದು ಇಟ್ಕೊಂಡೇ ಹೊಂಟೀನವ್ವಾ, ಬಿಟ್ ಹೊಂಟಿಲ್ಲ." ಅವಳು ಅವತ್ತು ಮತ್ತೆ ಮಾತಾಡಲಿಲ್ಲ. ಮರುದಿನ ನನ್ನ ಜೊತೆ ಸಭಾಪಾಲಕರ ಮನೆಗೆ ತಾನೇ ಬಂದಳು. ಮನೆಯವರಿಗೆ ಬೇಗ ಹೇಳಿ. ಬೇರೆಯವರ ಬಾಯಿಂದ ಅವರ ಕಿವಿಗೆ ಬೀಳಬಾರದು.

ಪಾಠ ಹೇಳಿದ್ದು ಒಬ್ಬ ಸಿಸ್ಟರ್. ಸಂಜೆ ಹೊತ್ತು, ನನ್ನ ಶಿಫ್ಟ್ ನೋಡಿಕೊಂಡು. ಇಲ್ಲಿನ ಕೊಂಕಣಿ ಪ್ರಾರ್ಥನೆ ಪುಸ್ತಕಗಳೆಲ್ಲ ರೋಮನ್ ಲಿಪಿಯಲ್ಲಿವೆ. ಕೇಳಿದರೆ ಅರ್ಥವಾಗುತ್ತದೆ, ಓದಲು ತಡವರಿಸುತ್ತಿದ್ದೆ. ಸಿಸ್ಟರ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಾನು ಮನೆಗೆ ಬಂದು ಕನ್ನಡ ಬೈಬಲ್ ತೆಗೆದು ಅದೇ ಭಾಗ ಓದುತ್ತಿದ್ದೆ. ಇದನ್ನು ನೀವೂ ಮಾಡಿ. ಚಿಕ್ಕಂದಿನಿಂದ ಕೇಳಿದ ಭಾಷೆಯಲ್ಲಿ ಓದಿದಾಗಲೇ ನನಗೆ ಪ್ರಶ್ನೆಗಳು ಹುಟ್ಟಿದ್ದು.

ಮೊದಲು ಓದಿಸಿದ್ದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ. ಇದು ಸುವಾರ್ತೆಗಳಿಗಿಂತ ಮೊದಲೇ ಬರೆದ ಪತ್ರ. ಯೇಸು ಹಿಡಿದುಕೊಡಲ್ಪಟ್ಟ ರಾತ್ರಿ ರೊಟ್ಟಿ ಮುರಿದಿದ್ದು, ನನ್ನನ್ನು ನೆನಪು ಮಾಡಿಕೊಳ್ಳಲು ಹೀಗೆ ಮಾಡಿ ಅಂದಿದ್ದು ಅದರಲ್ಲಿದೆ. ಆ ಸಾಲು ನನಗೆ ಬಾಯಿಪಾಠ. ಆದರೆ ಅದರ ಹಿಂದುಮುಂದಿನ ಸಾಲುಗಳನ್ನು ಇಷ್ಟು ನಿಧಾನವಾಗಿ ಓದಿರಲಿಲ್ಲ. ಪೌಲ ಅಲ್ಲಿ ಬೈಯುತ್ತಿದ್ದಾನೆ. ಇದ್ದವರು ಮೊದಲೇ ಬಂದು ತಿಂದು ಕುಡಿದು ಮತ್ತರಾಗುತ್ತಾರೆ, ಇಲ್ಲದವರು ಹಸಿದು ಕೂರುತ್ತಾರೆ, ಇದು ಕರ್ತನ ಭೋಜನವೇ ಅಲ್ಲ ಅನ್ನುತ್ತಾನೆ. ಹಿಂದಿನ ಅಧ್ಯಾಯದಲ್ಲಿ, ರೊಟ್ಟಿ ಒಂದೇ ಆಗಿರುವುದರಿಂದ ಅನೇಕರಾದ ನಾವು ಒಂದೇ ದೇಹ ಅಂತ ಬರೆದಿದ್ದಾನೆ. ಅಂದರೆ ಪಕ್ಕದವನನ್ನು ಬಿಟ್ಟು ನಾನೊಬ್ಬಳೇ ದೇವರ ಜೊತೆ ಊಟಕ್ಕೆ ಕೂರುವ ಹಾಗಿಲ್ಲ. ವಾಸ್ಕೋದಲ್ಲಿ ಪ್ರಸಾದದ ಸಾಲು ನೋಡಿ. ಬಂದರಿನಲ್ಲಿ ಮೂಟೆ ಹೊರುವವರು, ಮೀನು ಮಾರುವವರು, ಹಡಗಿನ ಇಂಜಿನಿಯರು, ಎಲ್ಲರೂ ಒಂದೇ ಸಾಲಲ್ಲಿ. ಪೌಲನ ಕೋಪ ಅಲ್ಲಿ ನಿಂತಾಗ ಅರ್ಥವಾಗುತ್ತದೆ.

ಆಮೇಲೆ ಬಂದಿದ್ದು ಕಷ್ಟದ ಭಾಗ. ರೊಟ್ಟಿ ನಿಜವಾಗಿ ಕ್ರಿಸ್ತನ ಶರೀರವಾ? ನಮ್ಮ ಕಡೆಯ ಸಭೆಗಳು ಯುರೋಪಿನಿಂದ ಬಂದ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯಿಂದ ಬೆಳೆದವು. ಅವರು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಆ ಮಿಷನ್ನಿನಲ್ಲಿ ಲೂಥರ್ ಕಡೆಯವರೂ ಇದ್ದರು, ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ಕಡೆಯವರೂ ಇದ್ದರು. ಈ ಎರಡು ಕಡೆಯ ಮೂಲ ನಾಯಕರು ಮಿಷನ್ನಿಗಿಂತ ಬಹಳ ಹಿಂದೆ, 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಕೂತು ಇದೇ ವಿಷಯಕ್ಕೆ ವಾದ ಮಾಡಿದ್ದರು. "ಇದು ನನ್ನ ದೇಹ" ಎಂಬ ಮಾತನ್ನು ಲೂಥರ್ ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದು ಪಟ್ಟು ಹಿಡಿದರು. ಅದು ಗುರುತು, ನೆನಪು ಎಂದರು ರಿಫಾರ್ಮ್ಡ್ ಕಡೆಯ ಜ್ವಿಂಗ್ಲಿ. ಒಪ್ಪಂದ ಆಗಲಿಲ್ಲ. ನಮ್ಮ ದೃಢೀಕರಣದ ತರಗತಿಯಲ್ಲಿ ಈ ಜಗಳ ಬರಲೇ ಇಲ್ಲ. ಕರ್ತನು ಇಲ್ಲಿ ಇದ್ದಾನೆ, ಭಯಭಕ್ತಿಯಿಂದ ಬಾ ಅಂತ ಕಲಿಸಿದ್ದರು. ಅದು ಒಳ್ಳೆಯ ಪಾಠವೇ.

ಕಥೋಲಿಕರು ಹೇಳುವುದು ಇನ್ನೂ ಮುಂದಿನದು. ಬಣ್ಣ, ರುಚಿ, ಆಕಾರ ರೊಟ್ಟಿ ಮತ್ತು ದ್ರಾಕ್ಷಾರಸದ್ದೇ ಇರುತ್ತದೆ. ಆದರೆ ಒಳಗಿನ ನಿಜವಾದ ವಸ್ತು ಕ್ರಿಸ್ತನ ಶರೀರ, ರಕ್ತವಾಗಿ ಬದಲಾಗುತ್ತದೆ. ಬಿಷಪ್‌ಗಳೆಲ್ಲ ಸೇರಿದ 1215ರ ಲ್ಯಾಟೆರನ್ ಮಹಾಸಭೆ ಇದನ್ನು ಹೇಳಿತು, 1551ರಲ್ಲಿ ಟ್ರೆಂಟ್ ಮಹಾಸಭೆ ಮತ್ತೆ ಗಟ್ಟಿ ಮಾಡಿತು. ಅದಕ್ಕೇ ಪೂಜೆ ಮುಗಿದ ಮೇಲೂ ಉಳಿದ ಪ್ರಸಾದವನ್ನು ದೀಪ ಹಚ್ಚಿದ ಕಡೆ ಪೆಟ್ಟಿಗೆಯಲ್ಲಿ ಇಡುತ್ತಾರೆ, ಅದರ ಮುಂದೆ ಮೊಣಕಾಲೂರುತ್ತಾರೆ. ಅದಕ್ಕೇ ವಾರ್ಡಿಗೆ ಡಬ್ಬಿ ತರುವವರು ದಾರಿಯಲ್ಲಿ ಹರಟೆ ಹೊಡೆಯುವುದಿಲ್ಲ. ಇದನ್ನು ನಾನು ಒಂದೇ ದಿನದಲ್ಲಿ ಒಪ್ಪಲಿಲ್ಲ. ಯೋಹಾನನ 6ನೇ ಅಧ್ಯಾಯ ತಿಂಗಳುಗಟ್ಟಲೆ ಓದಿದೆ. "ಇದು ಕಠಿಣವಾದ ಮಾತು" ಅಂತ ಶಿಷ್ಯರೇ ಗೊಣಗಿ ಹಲವರು ಬಿಟ್ಟು ಹೋಗುತ್ತಾರೆ, ಯೇಸು ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲಿ ನನ್ನ ಮನಸ್ಸು ನಿಂತಿತು.

ನನಗೆ ಕಾಡಿದ ಇನ್ನೊಂದು ವಿಷಯ ದ್ರಾಕ್ಷಾರಸದ ಪಾತ್ರೆ. ನಮ್ಮ ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಎರಡೂ ಕೊಡುತ್ತಾರೆ. ಇಲ್ಲಿ ಬಹುಪಾಲು ಭಾನುವಾರ ಜನರಿಗೆ ಓಸ್ತಿ, ಅಂದರೆ ತೆಳುವಾದ ಪೂಜೆಯ ರೊಟ್ಟಿ, ಮಾತ್ರ. ಯಾಕೆ ಅಂತ ಕೇಳಿದೆ. ಎರಡರಲ್ಲಿ ಯಾವುದನ್ನು ತೆಗೆದುಕೊಂಡರೂ ಕ್ರಿಸ್ತನು ಪೂರ್ತಿಯಾಗಿ ಸಿಗುತ್ತಾನೆ ಎಂಬುದು ಬೋಧನೆ. ಜನರಿಗೆ ಪಾತ್ರೆ ಕೊಡುವುದನ್ನು 1415ರಲ್ಲಿ ಕಾನ್‌ಸ್ಟನ್ಸ್ ಮಹಾಸಭೆ ತಡೆಯಿತು, 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಕೆಲವು ಸಂದರ್ಭಗಳಿಗೆ ಮತ್ತೆ ತೆರೆಯಿತು. ಬೋಧನೆ ನಾನು ಒಪ್ಪಿದ್ದೇನೆ. ಆದರೂ ಪ್ರತಿ ಭಾನುವಾರ ಪಾತ್ರೆಯನ್ನೂ ಕೊಟ್ಟರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ.

ಒಂದು ದಿನ ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ. ಇದು ಕರ್ತನ ಮೇಜು ತಾನೇ, ಕರೆಯುವವನು ಅವನು, ಮಧ್ಯದಲ್ಲಿ ಇಷ್ಟು ಕಾಗದ ಯಾಕೆ? ಸಿಸ್ಟರ್ ಬೇಜಾರಾಗಲಿಲ್ಲ. ಪ್ರಸಾದದ ಮುಂಚಿನ ಪ್ರಾರ್ಥನೆಯಲ್ಲಿ ಪೋಪ್ ಹೆಸರು, ನಮ್ಮ ಬಿಷಪ್ ಹೆಸರು ಹೇಳುತ್ತಾರಲ್ಲ, ಗಮನಿಸಿದ್ದೀರಾ ಅಂದರು. ನಾವು ಹೇಳುವ ಆಮೆನ್ ಕೈಯಲ್ಲಿರುವುದಕ್ಕೂ ಹೌದು, ಆ ಇಡೀ ದೇಹಕ್ಕೂ ಹೌದು. ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗೆ ಸಂತ ಅಗಸ್ಟೀನರು ಇದನ್ನೇ ಕಲಿಸಿದ್ದರು. ನೀವು ಕ್ರಿಸ್ತನ ದೇಹ, ನೀವು ಏನಾಗಿದ್ದೀರೋ ಅದಕ್ಕೇ ಆಮೆನ್ ಅನ್ನುತ್ತೀರಿ ಎಂದು. ಅವತ್ತಿನಿಂದ ಕಾಗದಗಳ ಮೇಲಿನ ಸಿಟ್ಟು ಇಳಿಯಿತು. ಮನೆಗೆ ಸೊಸೆ ತರುವಾಗ ಎರಡೂ ಕಡೆಯವರು ಕೂತು ಮಾತಾಡುವುದಿಲ್ಲವೇ, ಹಾಗೆ ಇದು ಅನಿಸಿತು.

ಪಾಠ ಮುಗಿದರೂ ಕಾಯುವುದು ಮುಗಿಯಲಿಲ್ಲ. ನನ್ನನ್ನು ಸೇರಿಸಿಕೊಳ್ಳಲು, ದೃಢೀಕರಣ ಕೊಡಲು ಗುರುಗಳಿಗೆ ಬಿಷಪ್ ಕಡೆಯಿಂದ ಅಧಿಕಾರ ಬೇಕು. ಅರ್ಜಿ, ದೀಕ್ಷಾಸ್ನಾನದ ಪತ್ರ, ಮದುವೆಯ ಪ್ರಮಾಣಪತ್ರದ ನಕಲು, ನಾನು ಕೈಯಾರೆ ಬರೆದ ಒಂದು ಪತ್ರ, ಎಲ್ಲಾ ಹೋಯಿತು. ಮಳೆಗಾಲ ಪೂರ್ತಿ ಕಾದೆ. ಈ ಸಮಯದಲ್ಲಿ ಸಂಕಟ ಆಗುತ್ತಿತ್ತು. ನಂಬಿಕೆ ಬಂದಾಗಿತ್ತು, ಆದರೆ ಪ್ರಸಾದ ಸ್ವೀಕರಿಸುವ ಹಾಗಿಲ್ಲ. ಡ್ಯೂಟಿ ಮುಗಿಸಿ ಬರುವಾಗ ಖಾಲಿ ಚರ್ಚಿನಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಪತ್ರ ಬಂದ ದಿನ ಗಂಡ ಆಸ್ಪತ್ರೆಗೇ ಫೋನ್ ಮಾಡಿ ಹೇಳಿದರು.

ಸೇರಿಸಿಕೊಳ್ಳುವ ಮೊದಲು ಪಾಪನಿವೇದನೆ ಆಗಬೇಕು. ನನಗೆ ಅತಿ ಹೆಚ್ಚು ಭಯ ಇದ್ದಿದ್ದು ಇದಕ್ಕೇ. ನಮ್ಮ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಪಾಪದ ಅರಿಕೆ ಮಾಡುತ್ತೇವೆ, ಒಬ್ಬರ ಕಿವಿಯಲ್ಲಿ ಹೇಳಿ ಅಭ್ಯಾಸ ಇಲ್ಲ. ಕರ್ನಾಟಕದಲ್ಲಿ ಬಹಳ ವರ್ಷ ಕೆಲಸ ಮಾಡಿದ ಒಬ್ಬ ಫಾದರ್ ಇಲ್ಲಿದ್ದಾರೆ ಎಂದು ಗೊತ್ತಾಗಿ, ಕನ್ನಡದಲ್ಲೇ ಹೇಳಬಹುದಾ ಎಂದು ಕೇಳಿದೆ. ಖಂಡಿತ ಅಂದರು. ಇದೇ ಚರ್ಚಿನ ಗುರುಗಳ ಹತ್ತಿರವೇ ಮಾಡಬೇಕು ಅಂತ ಇಲ್ಲ. ಕೇಳಿದ್ದನ್ನು ಅವರು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅಳು ಬಂತು. ಅವರು ಕಾದರು. ಹೊರಗೆ ಬಂದು ಚೀಟಿ ಹರಿದು ಹಾಕಿದೆ.

ಖರ್ಚಿನ ಬಗ್ಗೆ ಜನ ತುಂಬಾ ಕೇಳುತ್ತಾರೆ. ಈ ಸಂಸ್ಕಾರಗಳಿಗೆ ಯಾರೂ ಶುಲ್ಕ ಕೇಳಲಿಲ್ಲ. ಕಾಣಿಕೆ ನಿಮ್ಮ ಇಷ್ಟ. ನನಗೆ ಹಣ ಹೋಗಿದ್ದು ಊರಿಗೆ ಓಡಾಡಿದ್ದಕ್ಕೆ, ಸಂಬಳ ಕಡಿತದ ರಜೆಗೆ, ಜೆರಾಕ್ಸಿಗೆ. ಆಮೇಲೆ ಮನೆಯಲ್ಲಿ ಹತ್ತಿಪ್ಪತ್ತು ಜನರಿಗೆ ಊಟ.

ಜೊತೆಗೆ ನಿಲ್ಲಲು ಒಬ್ಬ ಧರ್ಮತಾಯಿ ಬೇಕು. ದೃಢೀಕರಣ ಆದ ಕಥೋಲಿಕರಾಗಿರಬೇಕು. ಹಳಿಯಾಳ ಕಡೆಯ ನಮ್ಮ ಪಕ್ಕದ ಮನೆಯ ಅಕ್ಕ ಒಪ್ಪಿಕೊಂಡರು. ವಿಶ್ವಾಸಪ್ರಮಾಣವನ್ನು, ಅಂದರೆ ನಾವು ಏನು ನಂಬುತ್ತೇವೆ ಎಂದು ಹೇಳುವ ಸಾಲುಗಳನ್ನು, ಎಲ್ಲರ ಮುಂದೆ ಹೇಳಬೇಕು. ಕೊಂಕಣಿಯಲ್ಲಿ ತಡವರಿಸುತ್ತೇನೆ, ಕನ್ನಡದಲ್ಲಿ ಹೇಳಲಾ ಅಂತ ಕೇಳಿದೆ. ಗುರುಗಳು ಸಂತೋಷದಿಂದ ಒಪ್ಪಿದರು. ನಾನು ಹೇಳಿದ್ದು ನೈಸಿಯ ವಿಶ್ವಾಸಪ್ರಮಾಣ. ಅದರ ಬುನಾದಿ 325ರ ನೈಸಿಯ ಮಹಾಸಭೆ. ಅದನ್ನೇ ನಮ್ಮ ಸಿಎಸ್‌ಐ ಆರಾಧನೆಯಲ್ಲೂ ಹೇಳುತ್ತೇವೆ. ಅವ್ವ ಬಂದಿದ್ದಳು. ಮೂರನೇ ಸಾಲಿನಿಂದ ಅವಳ ತುಟಿಯೂ ಆಡುತ್ತಿತ್ತು. ಅದಕ್ಕೆ ಒಂದು ವಾಕ್ಯ ಸೇರಿಸಿದೆ, ಕಥೋಲಿಕ ಸಭೆ ದೇವರು ಪ್ರಕಟಿಸಿದ್ದು ಎಂದು ನಂಬಿ ಬೋಧಿಸುವುದನ್ನೆಲ್ಲ ನಾನೂ ನಂಬುತ್ತೇನೆ ಎಂದು. ಹಣೆಗೆ ಎಣ್ಣೆ ಹಚ್ಚಿ ದೃಢೀಕರಣ ಕೊಟ್ಟರು.

ಪ್ರಸಾದದ ಹೊತ್ತಿಗೆ ಗುರುಗಳು ನನಗೂ ನನ್ನ ಗಂಡನಿಗೂ ರೊಟ್ಟಿ, ಪಾತ್ರೆ ಎರಡೂ ಕೊಟ್ಟರು. ಹೊಸದಾಗಿ ಸೇರಿದವರಿಗೆ ಅವತ್ತು ಹೀಗೆ ಕೊಡಲು ಅವಕಾಶ ಇದೆ. ಮುಂಚೆಯೇ ಕೇಳಿಕೊಳ್ಳಿ. "ಕ್ರಿಸ್ತಾಚಿ ಕುಡ್", ಅಂದರೆ ಕ್ರಿಸ್ತನ ದೇಹ, ಅಂದರು. ಆಮೆನ್ ಅಂದೆ, ಗಂಟಲು ಕಟ್ಟಿತ್ತು, ದನಿ ಅರ್ಧ ಮಾತ್ರ ಬಂತು.

ಮೊದಲ ಸಲದವರಿಗೆ ಕೆಲವು ಮಾತು. ಪ್ರಸಾದಕ್ಕೆ ಮುಂಚೆ ಒಂದು ಗಂಟೆ ಏನೂ ತಿನ್ನಬಾರದು, ನೀರು ಮತ್ತು ಔಷಧಿ ಪರವಾಗಿಲ್ಲ, ಕಾಯಿಲೆಯವರಿಗೆ, ವಯಸ್ಸಾದವರಿಗೆ ರಿಯಾಯಿತಿ ಇದೆ. ನಾಲಿಗೆಯ ಮೇಲಾದರೂ ಸರಿ, ಕೈಯಲ್ಲಾದರೂ ಸರಿ. ಕೈಯಲ್ಲಿ ತೆಗೆದುಕೊಂಡರೆ ಅಲ್ಲೇ ಬಾಯಿಗೆ ಹಾಕಿಕೊಳ್ಳಿ, ಹಿಡಿದುಕೊಂಡು ಹೋಗಬಾರದು. ಓಸ್ತಿ ಗೋಧಿ ಹಿಟ್ಟು, ನೀರಿನಿಂದ ಮಾಡಿದ್ದು. ಗೋಧಿ ಆಗದ ಕಾಯಿಲೆ ಇದ್ದರೆ ಗುರುಗಳಿಗೆ ಮೊದಲೇ ಹೇಳಿ, ಗ್ಲುಟೆನ್ ತುಂಬಾ ಕಡಿಮೆ ಇರುವ ಓಸ್ತಿ ತರಿಸಬಹುದು.

ಅವ್ವ ಅವತ್ತು ಪ್ರಸಾದ ಸ್ವೀಕರಿಸುವ ಹಾಗಿರಲಿಲ್ಲ. ಅದು ಗೊತ್ತಿದ್ದೇ ಬಂದಿದ್ದಳು. ಇನ್ನು ಮುಂದೆ ನನ್ನದೂ ಅದೇ ಕಥೆ. ಕಥೋಲಿಕಳಾದ ಮೇಲೆ ನಮ್ಮ ಊರಿನ ಸಭೆಯಲ್ಲಿ ಕರ್ತನ ಭೋಜನ ನಾನು ತೆಗೆದುಕೊಳ್ಳುವಂತಿಲ್ಲ. ಅಲ್ಲಿನವರು ಬೇಡ ಅನ್ನುವುದಿಲ್ಲ. ನಾನು ಒಪ್ಪಿ ಬಂದ ಕಡೆಯ ಕಾನೂನು ಬೇಡ ಅನ್ನುತ್ತದೆ. ಇಡೀ ದಾರಿಯಲ್ಲಿ ನನಗೆ ಭಾರ ಅನಿಸಿದ್ದು ಇದೊಂದೇ, ಅದು ಇಳಿದಿಲ್ಲ. ಸಭೆಗಳು ಒಂದಾಗಲಿ ಅಂತ ಈಗ ಪ್ರಾರ್ಥನೆ ಮಾಡುವಾಗ ಅವ್ವನ ಮುಖ ಕಣ್ಮುಂದೆ ಬರುತ್ತದೆ. ಈ ದಾರಿ ಹಿಡಿಯುವವರು ಇದನ್ನು ಮೊದಲ ಭೇಟಿಯಲ್ಲೇ ಕೇಳಿ ತಿಳಿದುಕೊಳ್ಳಿ, ಮನೆಯವರಿಗೂ ಹೇಳಿ.

ಕ್ರಿಸ್‌ಮಸ್‌ಗೆ ಊರಿಗೆ ಹೋಗಲು ರಜೆ ಹಾಕಿದ್ದೇನೆ. ಗದಗಿನ ಕಥೋಲಿಕ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ, ಆಮೇಲೆ ಅವ್ವನ ಜೊತೆ ನಮ್ಮ ಸಭೆಯ ಆರಾಧನೆಗೆ ಹೋಗಬೇಕು ಅಂತ ಇದ್ದೇನೆ. ಎರಡರ ಸಮಯ ಹೊಂದುತ್ತದಾ ಅಂತ ಸಭಾಪಾಲಕರಿಗೆ ಫೋನ್ ಮಾಡಿ ಕೇಳಬೇಕು.